ತಲಕಾಡಿನ ಮರಳು, ಟೀವಿಯ ಮರಳು

ತಲಕಾಡು ಅಂದ ಕೂಡಲೆ ನಿಮಗೇನು ನೆನಪಾಗುತ್ತೆ? ಮರಳು! ಅಲ್ಲವೆ? ಅಲಮೇಲಮ್ಮನ ಶಾಪ, ಹೂತುಹೋದ ಗುಡಿಗಳು, ಪಂಚಲಿಂಗ ದರ್ಶನದ ನೂಕುನುಗ್ಗಲು... ನನಗೂ ಮೊನ್ನೆ ಮೊನ್ನೆಯವರೆಗೆ ಅಷ್ಟೇ ಇತ್ತು. ಆದರೆ ಈ ಸಲ ಸಂಕ್ರಾಂತಿ ಮುಗಿದ ವಾರ ಅಲ್ಲಿಗೆ ಹೋಗಿ ಬಂದ ಮೇಲೆ ತಲಕಾಡು ಅಂದರೆ ನನ್ನ ಕಣ್ಣಿಗೆ ಕಟ್ಟೋದು ಒಂದು ಟೀವಿ! ನಗಬೇಡಿ ಸ್ವಾಮಿ. ಅದೂ 43 ಇಂಚಿನ ಟೀವಿ, ಅದರ ಎಡಗಡೆ ಅಂಚಿನಲ್ಲಿ ನಿಂತಿರೋ ಒಬ್ಬ ಹುಡುಗ. ಆ ಕಥೆ ಆಮೇಲೆ. ಮೊದಲು ದಾರಿ ಹಿಡಿಯೋಣ.

ಮೈಸೂರಿನಿಂದ ತಲಕಾಡಿಗೆ ಸುಮಾರು 45 ಕಿಲೋಮೀಟರ್. ಟಿ. ನರಸೀಪುರದ ಬಸ್ಸು ಹತ್ತಿದರೆ ವರುಣ ದಾಟಿ, ಎರಡೂ ಕಡೆ ನಾಲೆಯ ನೀರು ಕುಡಿದ ಗದ್ದೆ ನೋಡಿಕೊಂಡು ಹೋಗಬಹುದು. ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಬಂದು ಸೇರುತ್ತಾಳೆ. ದಡದಲ್ಲೇ ಗುಂಜಾ ನರಸಿಂಹಸ್ವಾಮಿ. ಅಲ್ಲಿಂದ ಮುಂದೆ ಮುಡುಕುತೊರೆ ಬೆಟ್ಟ ಕಂಡಿತೋ, ತಲಕಾಡು ಬಂತು ಅಂತ ಲೆಕ್ಕ. ನಾವು ಹೋದದ್ದು ಮಾತ್ರ ಬಸ್ಸಿನಲ್ಲಲ್ಲ, ಗೆಳೆಯನ ಹಳೇ ಓಮ್ನಿಯಲ್ಲಿ. ಯಾಕೆಂದರೆ ಜೊತೆಗೆ ಟೀವಿ ಇತ್ತಲ್ಲ! ಹೊಸ ಟೀವಿಯನ್ನು ಮಲಗಿಸಿ ತರಬಾರದು, ನಿಲ್ಲಿಸಿಯೇ ತರಬೇಕು ಅಂತ ಅಂಗಡಿಯವನು ಹತ್ತು ಸಲ ಹೇಳಿ ಕಳಿಸಿದ್ದ. ಹಿಂದಿನ ಸೀಟಿನಲ್ಲಿ ಒಂದು ಕಡೆ ನಮ್ಮಮ್ಮ, ಇನ್ನೊಂದು ಕಡೆ ನಮ್ಮ ಸೋದರಮಾವ. ಮಧ್ಯೆ ಮದುವೆ ಹೆಣ್ಣಿನ ಹಾಗೆ ಟೀವಿ!

ತಲಕಾಡಿನ ಚರಿತ್ರೆ ನಿಮಗೆ ಗೊತ್ತಿದ್ದದ್ದೇ. ಗಂಗರ ರಾಜಧಾನಿ ಇದು. ಆಮೇಲೆ ಚೋಳರು ಹಿಡಿದು ರಾಜರಾಜಪುರ ಅಂತ ಹೆಸರಿಟ್ಟರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಗೆದ್ದು ‘ತಲಕಾಡುಗೊಂಡ’ ಅನ್ನಿಸಿಕೊಂಡ, ಆ ಜಯದ ನೆನಪಿಗೆ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಅದೇ ರಾಜನ ಹೆಸರನ್ನು ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರಕ್ಕೆ ಸಂಪತ್‌ಕುಮಾರ್ ಎಂಬ ಹುಡುಗನಿಗೆ ಇಟ್ಟದ್ದು ನಮ್ಮ ಓದುಗರಿಗೆ ಹೇಳಿಕೊಡಬೇಕೆ? ರಾಣಿ ಶಾಂತಲೆಯ ಹೆಸರಿನ ಚಿತ್ರಮಂದಿರವೂ ಮೈಸೂರಿನಲ್ಲಿತ್ತು. ಇತ್ತು... 2020ರಲ್ಲಿ ಬಾಗಿಲು ಹಾಕಿತು. ಅಲ್ಲಿ ಬಾಲ್ಕನಿ ಟಿಕೆಟ್ಟಿಗೆ ಒದೆ ತಿಂದವರು ಈಗ ಮನೆಯಲ್ಲಿ ಕೂತು ಯಾವ ಟೀವಿ ಒಳ್ಳೇದು ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೇವೆ.

ಮಾವನ ತಲೆಬಿಸಿಯೂ ಅದೇ.

ಗಿಣಿ ಬೇಡ, ಮುಖ ತೋರಿಸು!

ಮಾವನಿಗೆ ಎಪ್ಪತ್ತಕ್ಕೆ ಒಂದೋ ಎರಡೋ ಕಮ್ಮಿ. ಎರಡೆಕರೆ ಗದ್ದೆ. ಭತ್ತ ಮಾರಿದ ದುಡ್ಡಿನಲ್ಲಿ 30 ಸಾವಿರ ಪಂಚೆಯ ಗಂಟಿಗೆ ಕಟ್ಟಿಕೊಂಡು, ‘ಅಳೀಮಯ್ಯ, ನೀ ಪತ್ರಿಕೆಯೋನು, ನಿಂಗೆ ಗೊತ್ತಿರ್ತದೆ, ಬಾ’ ಅಂತ ನನ್ನನ್ನು ಮೈಸೂರಿನ ಒಂದು ದೊಡ್ಡ ಅಂಗಡಿಗೆ ಎಳೆದುಕೊಂಡು ಹೋದರು. ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಅದೇ ಗಿಣಿ, ಅದೇ ಜಲಪಾತ, ಅದೇ ಕತ್ತರಿಸಿದ ದಾಳಿಂಬೆ! ಬಣ್ಣ ನೋಡಿದರೆ ಹೋಳಿ ಹಬ್ಬ. ಹುಡುಗ ‘ಸರ್, ಫೋರ್ ಕೆ’ ಅಂದ. ‘ಎಂಬತ್ತು ಲಕ್ಷಕ್ಕೂ ಮೇಲೆ ಪಿಕ್ಸೆಲ್’ ಅಂದ.

ಮಾವ ಗಿಣಿಯನ್ನು ಒಂದು ಗಳಿಗೆ ನೋಡಿದರು. ‘ಗಿಣಿ ಯಾರಿಗ್ ಬೇಕಾಗದಪ್ಪ? ಗಿಣಿ ನಮ್ಮೂರ ಜೋಳದ ಹೊಲ್ದಲ್ಲೇ ಅದೆ. ಒಂದು ಮನುಷನ್ ಮಕ ಹಾಕು. ಅದೂ ಕಪ್ಪು ಬಿಳುಪುದು.’

ಹುಡುಗ ತಬ್ಬಿಬ್ಬು! ನಾಲ್ಕು ಸಾವಿರ ಗೆರೆಯ ಕಲರ್ ಟೀವಿ ಕೊಳ್ಳೋಕೆ ಬಂದವನು ಕಪ್ಪು ಬಿಳುಪು ಕೇಳ್ತಾನಲ್ಲ! ಕೊನೆಗೆ 1971ರ ‘ಕಸ್ತೂರಿ ನಿವಾಸ’ ಹುಡುಕಿ ಹಾಕಿದ. ನೋಡಬೇಕಿತ್ತು ನೀವು. ಗಿಣಿ ಹಾಕಿದಾಗ ಎಲ್ಲಕ್ಕಿಂತ ಜೋರಾಗಿ ಹೊಳೆದಿದ್ದ ಟೀವಿಯಲ್ಲಿ ಅಣ್ಣಾವ್ರ ಮುಖ ನೀಲಿ ಹಾಕಿ ಒಗೆದ ಪಂಚೆಯ ಹಾಗೆ! ಅದರ ಪಕ್ಕದ್ದರಲ್ಲಿ ತಿಳಿ ಹಸಿರು. ಮೂರನೆಯದು, ಮೂಲೆಯಲ್ಲಿ ಸಪ್ಪಗೆ ಕೂತಿದ್ದದ್ದು, ಅದರಲ್ಲಿ ಮಾತ್ರ ಬೂದಿ ಬೂದಿಯಾಗೇ, ಕೆನ್ನೆಯ ನೆರಳು ನೆರಳಾಗೇ ಕಾಣಿಸ್ತು.

ಇದರಲ್ಲಿ ಜಾದೂ ಏನಿಲ್ಲ. ಬಣ್ಣದ ಚಿತ್ರದಲ್ಲಿ ಟೀವಿ ಎಷ್ಟು ಸುಳ್ಳು ಹೇಳಿದರೂ ಗೊತ್ತಾಗೋದು ಕಷ್ಟ, ನಿಜವಾದ ಗಿಣಿ ಎಷ್ಟು ಹಸಿರಿತ್ತು ಅಂತ ಯಾರು ಕಂಡವರು? ಆದರೆ ಕಪ್ಪು ಬಿಳುಪಿನಲ್ಲಿ ಬಣ್ಣವೇ ಇರಬಾರದು, ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ! ಅಂಗಡಿಯಲ್ಲಿ ಟೀವಿಗಳನ್ನು ‘ವಿವಿಡ್’ ಅನ್ನೋ ಮೋಡಿನಲ್ಲಿ ಇಟ್ಟಿರ್ತಾರೆ. ಟ್ಯೂಬ್‌ಲೈಟುಗಳ ಕೆಳಗೆ ಹೊಳೆಯಲಿ ಅಂತ ಬೆಳಕು ಜಾಸ್ತಿ, ಬಿಳಿಗೆ ನೀಲಿ ಜಾಸ್ತಿ. ಮನೆಗೆ ತಂದ ಮೇಲೆ ‘ಸಿನಿಮಾ’ ಇಲ್ಲವೆ ‘ಮೂವಿ’ ಅನ್ನೋ ಮೋಡಿಗೆ ಹಾಕಿ ನೋಡಿ. ಮೊದಲ ದಿನ ಹಳದಿ ಹಳದಿ ಅನ್ನಿಸುತ್ತೆ. ಮೂರನೇ ದಿನ ಹಿಂದಕ್ಕೆ ಹೋಗೋಕೆ ಮನಸ್ಸು ಬರೋಲ್ಲ.

(ಅಂದ ಹಾಗೆ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದ್ದರಲ್ಲ, ಅದಕ್ಕೂ ಮುಂಚೆ 2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೂ. ಜನ ಮುಗಿಬಿದ್ದು ನೋಡಿದರು. ನನ್ನ ಕೇಳಿದರೆ ಆ ಪಾರಿವಾಳ ಕಪ್ಪು ಬಿಳುಪಿನಲ್ಲೇ ಚೆಂದ. ಕಲ್ಲು ಹೊಡೆಯೋರು ಹೊಡೀರಿ!)

ಇನ್ನು ಫೋರ್ ಕೆ ವಿಚಾರ. 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಯ ಒಂದು ಚುಕ್ಕೆ ಅಂದರೆ ಅರ್ಧ ಮಿಲಿಮೀಟರು. ಐದೂವರೆ ಅಡಿಗಿಂತ ಹಿಂದೆ ಕೂತರೆ ಒಳ್ಳೆ ಕಣ್ಣಿಗೂ ಅದು ಬಿಡಿಯಾಗಿ ಕಾಣಿಸೋಲ್ಲ. ಮಾವನ ಪಡಸಾಲೆಯಲ್ಲಿ ಗೋಡೆಗೂ ಕುರ್ಚಿಗೂ ಹತ್ತಡಿ! ಹೀಗಿರುವಾಗ ಎಂಬತ್ತು ಲಕ್ಷ ಚುಕ್ಕೆ ಅಂತ ಹೇಳಿ ನಾಲ್ಕು ಸಾವಿರ ಹೆಚ್ಚು ಕೀಳೋದು... ಇರಲಿ. ಈಗ 43 ಇಂಚಿನಲ್ಲಿ ಬೇಡ ಅಂದರೂ ಫೋರ್ ಕೆಯೇ ಹೆಚ್ಚು ಸಿಗುತ್ತೆ. ಮಾವ ಮೂಲೆಯ ಸಪ್ಪೆ ಟೀವಿಯನ್ನೇ ಆರಿಸಿದರು. ಹಳೇ ಟೀವಿಯನ್ನು ಎಕ್ಸ್‌ಚೇಂಜಿಗೆ ಕೊಡಿ ಅಂದರೆ ಕೇಳಲಿಲ್ಲ. ‘ಎರಡನ್ನೂ ಅಕ್ಕ ಪಕ್ಕ ಇಟ್ ನೋಡ್ಬೇಕು’ ಅಂದರು.

ನೀವು ಕೇಳಬಹುದು, ಹಳ್ಳಿಯ ರೈತನಿಗೆ ಇಷ್ಟೊಂದು ಚಿತ್ರದ ಹುಚ್ಚು ಎಲ್ಲಿಂದ ಬಂತು ಅಂತ. ನಮ್ಮ ಮಾವ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದವರು!

ನೆಲದ ಟಿಕೆಟ್ಟಿನ ಕಾಲ

ಟೆಂಟು ನೋಡಿದವರಿಗೆ ಗೊತ್ತು. ನೆಲದ ಗಿರಾಕಿಗಳು ಬಂದ ಕೂಡಲೆ ಮಾಡೋ ಕೆಲಸ ಮರಳು ಗುಡ್ಡೆ ಹಾಕಿ ಎತ್ತರ ಮಾಡಿಕೊಂಡು ಕೂರೋದು. ಹಿಂದಿನವನು ಅದಕ್ಕಿಂತ ಎತ್ತರ ಗುಡ್ಡೆ ಹಾಕೋನು. ಇಂಟರ್‌ವಲ್ ಹೊತ್ತಿಗೆ ಜಗಳ! ತಲಕಾಡಿನ ಕಡೆ ಮರಳಿಗೇನು ಬರ ಹೇಳಿ? ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ. ಕಾರ್ಬನ್ ಕಡ್ಡಿ ಎರಡೂ ಸರಿಯಾಗಿ ಉರಿದರೆ ಪರದೆ ಹಾಲಿನ ಹಾಗೆ ಬೆಳಗೋದು, ಒಂದು ಗಳಿಗೆ ಮೈಮರೆತರೆ ಹಳದಿ ತಿರುಗೋದು. ಆಗ ಜನ ಮಾವನ ಅಮ್ಮ ಅಕ್ಕಂದಿರನ್ನೆಲ್ಲ ನೆನೆಸೋರು. ಅಂದರೆ ನನ್ನ ಅಜ್ಜಿಯನ್ನೂ ನಮ್ಮಮ್ಮನನ್ನೂ!

1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ ಕನ್ನಡದ ಮೊದಲ ಸಿನಿಮಾಸ್ಕೋಪ್ ಆಗಿ ಬಂತಲ್ಲ, ಆಮೇಲೆ ಟೆಂಟುಗಳೂ ಅಗಲ ಪರದೆ ಹಾಕಲೇಬೇಕಾಯ್ತು. ಸ್ಕೋಪ್ ಫಿಲಮ್ಮಿನಲ್ಲಿ ಚಿತ್ರ ಅಗಲವನ್ನು ಒತ್ತಿ ಅರ್ಧ ಮಾಡಿ ಕೂರಿಸಿರ್ತಾರೆ. ಪ್ರೊಜೆಕ್ಟರಿನ ಮುಂದೆ ಇನ್ನೊಂದು ಲೆನ್ಸ್ ಹಾಕಿದರೆ ಬಿಚ್ಚಿಕೊಂಡು ಪರದೆ ತುಂಬುತ್ತೆ. ಆ ಲೆನ್ಸ್ ಹಾಕೋದು ಮರೆತರೆ ಹೀರೋ ಹೀರೋಯಿನ್ ಇಬ್ಬರೂ ಗಣೆ ಬಿದಿರು! ಎತ್ತರಕ್ಕಿಂತ ಎರಡೂಕಾಲು ಪಟ್ಟಿಗೂ ಹೆಚ್ಚು ಅಗಲ, 2.35ಕ್ಕೆ 1. ಆ ಅಗಲವೇ ಈ ಕಥೆಯ ಪ್ರಾಣ.

ಯಾಕೆಂದರೆ 1978ರ ಬೇಸಿಗೆಯಲ್ಲಿ ತಲಕಾಡಿನ ಮರಳಿನ ಮೇಲೆ ಒಂದು ಸ್ಕೋಪ್ ಚಿತ್ರದ ಶೂಟಿಂಗ್ ನಡೀತು. ಹೆಸರು ಬರೆಯಬೇಡ ಅಂತ ಮಾವನ ಕಟ್ಟಪ್ಪಣೆ. ಹೊಡೆದಾಟದ ಸೀನು. ಸುತ್ತ ನಿಂತು ನೋಡೋಕೆ ಊರವರನ್ನೇ ನಿಲ್ಲಿಸಿದ್ದರು. ಆ ಗುಂಪಿನಲ್ಲಿ ಮಾವನ ತಮ್ಮ, ನನ್ನ ಚಿಕ್ಕಮಾವ. ಹತ್ತೊಂಬತ್ತು ವರ್ಷ. ಎತ್ತರದ ಆಳು, ಮುಂದೆ ನಿಂತರೆ ಹಿಂದಿನವರು ಕಾಣೋಲ್ಲ ಅಂತ ಎಡಗಡೆ ಕೊನೆಗೆ ತಳ್ಳಿದರಂತೆ. ಹೆಗಲ ಮೇಲೆ ಟವಲ್ಲು. ಮುಂದಿನ ವರ್ಷ ಚಿತ್ರ ಟೆಂಟಿಗೆ ಬಂತು. ಹನ್ನೊಂದು ದಿನ ಆಡಿತು. ಹನ್ನೊಂದು ದಿನವೂ ಮಾವನೇ ರೀಲು ಓಡಿಸಿದ್ದು. ‘ನಾಲ್ಕು ಸೆಕೆಂಡು. ಆರಡಿ ಫಿಲಮ್ಮು’ ಅಂತಾರೆ. ಆ ನಾಲ್ಕು ಸೆಕೆಂಡಿಗೆ ಟೆಂಟಿಗೆ ಟೆಂಟೇ ಶಿಳ್ಳೆ ಹೊಡೀತಿತ್ತಂತೆ, ಹೀರೋಗಲ್ಲ, ಚಿಕ್ಕಮಾವನಿಗೆ!

1981ರ ಮಳೆಗಾಲದಲ್ಲಿ ಚಿಕ್ಕಮಾವ ಹೊಳೆ ಪಾಲಾದ. ಎತ್ತಿಗೆ ಮೈ ತೊಳೆಯೋಕೆ ಹೋದವನು. ಕಾವೇರಿ ಇಲ್ಲಿ ನೋಡೋಕೆ ತೆಳ್ಳಗೆ, ಮರಳ ಹಾಸಿಗೆಯ ಮೇಲೆ ಮಲಗಿದ ಹಾಗೆ ಕಾಣ್ತಾಳೆ. ಒಂದು ಹೆಜ್ಜೆ ಮೊಣಕಾಲುದ್ದ, ಇನ್ನೊಂದು ಹೆಜ್ಜೆ ಆಳಿಗೆ ಆಳು. ಮಾಲಂಗಿ ಮಡುವಿನ ಮಾತು ಶಾಪದಲ್ಲಿ ಸುಮ್ಮನೆ ಬಂದದ್ದಲ್ಲ.

ಅವನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಯಾರು ತೆಗೆಸ್ತಿದ್ದರು ಆಗ? ಮದುವೆಗೆ ತೆಗೆಸಿದರಾಯ್ತು ಅಂತ ಇದ್ದರು.

‘ಆರಡೀಲಿ ಒಂದು ಫ್ರೇಮು ಕತ್ತರಿಸ್ಕೊಂಡಿದ್ರೆ ಯಾರ್ಗೂ ಗೊತ್ತಾಯ್ತಿರ್ನಿಲ್ಲ’ ಅಂದರು ಮಾವ, ಓಮ್ನಿಯಲ್ಲಿ, ಟೀವಿ ಡಬ್ಬದ ಮೇಲೆ ಕೈಯಿಟ್ಟುಕೊಂಡು. ಆಪರೇಟರುಗಳೆಲ್ಲ ಕತ್ತರಿಸ್ತಿದ್ದರಲ್ಲ, ನೀವ್ಯಾಕೆ ಕತ್ತರಿಸಲಿಲ್ಲ ಅಂತ ಕೇಳಿದೆ.

‘ಆಗ ಅವನೇ ಇದ್ನಲ್ಲ ಕನಪ್ಪ.’

ಟೀವಿ ನುಂಗಿದ ಅಂಚು

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಮರುವರ್ಷ ಆಗಸ್ಟ್ 15ಕ್ಕೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಣ್ಣ, ನವೆಂಬರಿನಲ್ಲಿ ಏಷ್ಯಾಡ್. ತಲಕಾಡಿನ ನಮ್ಮ ಬೀದಿಗೆ ಟೀವಿ ಬಂದದ್ದು ಮಾತ್ರ 1987ರಲ್ಲಿ, ‘ರಾಮಾಯಣ’ ನೋಡೋದಕ್ಕೆ. ಮಾವನ ಮನೆಗೇ. ಕಪ್ಪು ಬಿಳುಪು, ಮರದ ಪೆಟ್ಟಿಗೆ, ಎಳೆಯೋ ಬಾಗಿಲು. ಮಾಳಿಗೆ ಮೇಲೆ ಗಳ ನಿಲ್ಲಿಸಿ ಆಂಟೆನಾ. ಅದರ ಮೇಲೆ ಕಾಗೆ ಕೂತರೆ ಸೀತೆ ಮಾಯ! ‘ಬಂತಾ?’ ‘ಇಲ್ಲಾ!’ ‘ಈಗ?’ ‘ಸ್ವಲ್ಪ ಎಡಕ್ಕೆ!’ ಅನ್ನೋ ಕೂಗು ನಿಮ್ಮ ಮನೆಯಲ್ಲೂ ಕೇಳಿರಬೇಕಲ್ಲ? ಟ್ರಾನ್ಸ್‌ಮಿಟರ್ ದೂರ, ಸಿಗ್ನಲ್ ಸೊರಗಿ ಬರೋದು. ಪರದೆ ತುಂಬ ಗ್ರೇನ್ಸ್. ಅತ್ತೆ ಅದಕ್ಕೆ ‘ಮರಳು ಬತ್ತಾ ಅದೆ’ ಅಂತಿದ್ದರು. ಊರಿನ ಮರಳು ಸಾಲದು ಅಂತ ಟೀವಿಯಲ್ಲೂ ಮರಳು!

ಮುಂದೆ ಒಂದು ದಿನ ಆ ಚಿತ್ರ ದೂರದರ್ಶನದಲ್ಲಿ ಬಂತು. ಅಜ್ಜಿ ಬದುಕಿದ್ದರು. ಟೀವಿಯ ಮುಂದೆಯೇ ಮಣೆ ಹಾಕಿಕೊಂಡು ಕೂತರು. ಮರಳ ಸೀನು ಬಂತು. ಹೀರೋ ಇದ್ದ, ಖಳನಿದ್ದ, ಮಧ್ಯದ ಜನ ಇದ್ದರು. ಚಿಕ್ಕಮಾವ ಇಲ್ಲ!

ಏನಾಗಿತ್ತು ಅಂದರೆ, ಆಗಿನ ಟೀವಿ 4ಕ್ಕೆ 3ರ ಪೆಟ್ಟಿಗೆ. ಸ್ಕೋಪ್ ಚಿತ್ರವನ್ನು ಅದಕ್ಕೆ ತುಂಬಬೇಕಾದರೆ ಎರಡೇ ದಾರಿ. ಪೂರ್ತಿ ತೋರಿಸಿ ಮೇಲೆ ಕೆಳಗೆ ಕಪ್ಪು ಬಿಡಬೇಕು, ಇಲ್ಲವೆ ಎಡ ಬಲ ಕತ್ತರಿಸಬೇಕು. ಕತ್ತರಿಸಿದರೆ ನೂರಕ್ಕೆ 43 ಪಾಲು ಚಿತ್ರ ಹೋಯ್ತು ಅಂತಲೇ ಲೆಕ್ಕ. ಅರ್ಧಕ್ಕೆ ಸ್ವಲ್ಪ ಕಡಿಮೆ! ಅಂಚಿನಲ್ಲಿ ನಿಂತವರು ಯಾರೇ ಆಗಲಿ, ಎಕ್ಸ್‌ಟ್ರಾಗಳೇ ಆಗಲಿ ಬಂಡೆ ಮರಗಳೇ ಆಗಲಿ, ಎಲ್ಲರೂ ಔಟ್. ಟೀವಿಯಲ್ಲಿ ಹೀಗೆ ಕತ್ತರಿಸಿದ ಚಿತ್ರಗಳನ್ನೇ ನೋಡಿ ಬೆಳೆದ ನಾವು ‘ಆ ಚಿತ್ರ ನೋಡಿದ್ದೀನಿ’ ಅಂತ ಎದೆ ತಟ್ಟಿಕೊಳ್ತೀವಿ. ನೋಡಿರೋದು ಅರ್ಧ ಚಿಲ್ಲರೆ ಸ್ವಾಮಿ!

ಅಜ್ಜಿಗೆ ಇದೆಲ್ಲ ಯಾರು ಹೇಳೋರು? ‘ನೀನು ಸುಳ್ಳೇಳ್ದೆ. ಅವ್ನು ಅದ್ರಲ್ಲಿ ಇರ್ನೇ ಇಲ್ಲ’ ಅಂದುಬಿಟ್ಟರಂತೆ ಮಾವನಿಗೆ. ಟೆಂಟಿಗೆ ಹೋಗಿ ಸಿನಿಮಾ ನೋಡಿದ ಹೆಂಗಸಲ್ಲ ಅವರು. ಆಮೇಲೆ 1994ರಲ್ಲಿ ಉದಯ ಬಂತು, ಕೇಬಲ್ ಬಂತು, ವಿಸಿಡಿ ಬಂತು, 21 ಇಂಚಿನ ಕಲರ್ ಟೀವಿ ಬಂತು. ಆ ಚಿತ್ರ ಏಳೆಂಟು ಸಲ ಬಂದಿರಬೇಕು. ಪ್ರತಿ ಸಲವೂ ಅದೇ ಕತ್ತರಿಸಿದ ಕಾಪಿ. ಅಜ್ಜಿ ಹೋದರು. ಮೊನ್ನೆ ಮೊನ್ನೆ ನಮ್ಮಮ್ಮ, ‘ಅವನ ಮುಖವೇ ನೆನಪಿಗೆ ಬರ್ತಿಲ್ಲ ಕಣೋ, ಮೂಗು ಬಂದರೆ ಕಣ್ಣು ಬರಲ್ಲ’ ಅಂದಾಗ ನನಗೆ ಮಾವನ ಟೀವಿ ಹುಚ್ಚಿನ ಗುಟ್ಟು ತಿಳೀತು. ಈಗಿನ ಟೀವಿ 16ಕ್ಕೆ 9. ಅಗಲ!

ಮರಳ ಮೇಲೆ ಒಂದು ಸುತ್ತು

ಮಧ್ಯಾಹ್ನ ಊಟ ಮುಗಿಸಿ, ಹಗಲು ಬೆಳಕಿನಲ್ಲಿ ಟೀವಿ ಹಾಕೋದು ಬೇಡ ಅಂತ ಮಾವ ಹಠ ಹಿಡಿದರು. ಕತ್ತಲಾಗಬೇಕಂತೆ. ಸರಿ, ಶೂಟಿಂಗ್ ಜಾಗ ತೋರಿಸಿ ಅಂದೆ. ಹೊರಟೆವು.

ವೈದ್ಯೇಶ್ವರನ ಗುಡಿಯ ಹಿಂದಿನಿಂದಲೇ ಮರಳು ಶುರು. ಬರಿಗಾಲಲ್ಲಿ ನಡೆದರೇ ಚೆಂದ. ಈಗ ಬೋಳು ದಿಬ್ಬ ಅನ್ನುವ ಹಾಗಿಲ್ಲ, ಮರಳು ಓಡಾಡದಿರಲಿ ಅಂತ ನೆಟ್ಟ ನೀಲಗಿರಿ ಮರಗಳು ಎತ್ತರಕ್ಕೆ ಬೆಳೆದಿವೆ. ಪಾತಾಳೇಶ್ವರ, ಮರಳೇಶ್ವರ ಗುಡಿಗಳಿಗೆ ಗುಂಡಿಗೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗಬೇಕು. ಇಷ್ಟು ಮರಳು ಎಲ್ಲಿಂದ ಬಂತು? ಶಾಪದ ಕಥೆ ಒಂದು. 14ನೇ ಶತಮಾನದಲ್ಲಿ ಮೇಲುಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆಯ ಪಾತ್ರ ಒಣಗಿ, ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿಯಿತು ಅನ್ನೋದು ತಿಳಿದವರ ವಿವರಣೆ. ಎರಡನ್ನೂ ಸೇರಿಸಿದರೆ ಒಳ್ಳೆ ಚಿತ್ರಕಥೆ!

ಪಾತಾಳೇಶ್ವರನ ಲಿಂಗ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ರಾತ್ರಿ ಬಿಳುಪಾಗಿ ಕಾಣುತ್ತೆ ಅಂತ ಊರವರ ನಂಬಿಕೆ. ಮಾವ ಅಲ್ಲಿ ನಿಂತು ಮೊದಲು ಬಲಗಣ್ಣು ಮುಚ್ಚಿ ನೋಡಿದರು, ಆಮೇಲೆ ಎಡಗಣ್ಣು. ‘ನಂಗೆ ಈಗ್ಲೇ ಎರಡು ಬಣ್ಣ ಕಾಣ್ತದೆ’ ಅಂದರು. ತಮಾಷೆಯಲ್ಲ! ಹೋದ ದೀಪಾವಳಿಯ ಮುಂಚೆ ಅವರ ಬಲಗಣ್ಣಿನ ಪೊರೆ ತೆಗೆದಿದ್ದಾರೆ. ಎಡಗಣ್ಣಿನದು ಬಾಕಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ನೀಲಿ ಬೆಳಕನ್ನು ಒಳಕ್ಕೆ ಬಿಡೋಲ್ಲ. ಅದನ್ನು ತೆಗೆದು ಹೊಸದು ಕೂರಿಸಿದರೆ ಬಿಳಿಯೆಲ್ಲ ನೀಲಿ ತಿರುಗಿದ ಹಾಗೆ ಕಾಣುತ್ತೆ. ಫ್ರಾನ್ಸಿನ ಹೆಸರಾಂತ ಚಿತ್ರಗಾರ ಮೊನೆಗೆ 1923ರಲ್ಲಿ ಇದೇ ಆಪರೇಷನ್ ಆಗಿ, ಬಣ್ಣಗಳೆಲ್ಲ ಬೇರೆಯಾಗಿ ಕಂಡು ಗೋಳಾಡಿದ. ನಮ್ಮ ಮಾವ ಗೋಳಾಡಲಿಲ್ಲ. ಒಂದು ಕಣ್ಣು ‘ವಿವಿಡ್’, ಇನ್ನೊಂದು ಕಣ್ಣು ‘ಸಿನಿಮಾ’ ಅಂತ ನಾನಂದರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೀರ್ತಿನಾರಾಯಣನ ಗುಡಿ ದಾಟಿ ಹೊಳೆ ಕಡೆ ಇಳಿಯುವ ಇಳಿಜಾರು. ‘ಇಲ್ಲೇ ಕ್ಯಾಮೆರಾ. ಅಲ್ಲಿ ಹೀರೋ. ಅಗಾ, ಆ ಮರ ಅದಲ್ಲ, ಆಗ ಆ ಮರ ಇರ್ನಿಲ್ಲ, ಅಲ್ಲಿ ಅವನು.’ ಹತ್ತು ಹೆಜ್ಜೆ ಆಚೆ ತೆಪ್ಪದವರು ಬೆಂಗಳೂರಿನ ಹುಡುಗರನ್ನು ಕೂರಿಸಿಕೊಂಡು ಗಿರಗಿರ ತಿರುಗಿಸುತ್ತಿದ್ದರು. ಮಾವ ನೀರಿಗಿಳಿಯಲಿಲ್ಲ. ನಮ್ಮಮ್ಮ ದಡಕ್ಕೇ ಬರಲಿಲ್ಲ, ಗುಡಿಯ ಜಗಲಿಯಲ್ಲೇ ಕೂತಿದ್ದರು. ಓದುಗ ಮಿತ್ರರೇ, ತಲಕಾಡಿಗೆ ಹೋದರೆ ಈಜೋ ಶೋಕಿ ಮಾಡಬೇಡಿ. ಅಷ್ಟೇ ನಾನು ಹೇಳೋದು.

ಎರಡು ಟೀವಿ, ಒಂದು ಪಡಸಾಲೆ

ಕತ್ತಲಾಯ್ತು. 21 ಇಂಚಿನ ಹಳೇ ಡಬ್ಬ ಒಂದು ಕಡೆ, ಹೊಸದು ಇನ್ನೊಂದು ಕಡೆ. ಒಂದೇ ಸೆಟ್‌ಟಾಪ್ ಡಬ್ಬಿಯಿಂದ ಎರಡಕ್ಕೂ ವೈರು ಎಳೆದು ಚಂದನ ವಾಹಿನಿ ಹಾಕಿದೆವು. ಬೀದಿಯ ಹುಡುಗರೆಲ್ಲ ಜಮಾಯಿಸಿದ್ದರು. ನೋಡಿದರೆ... ಹಳೇದೇ ಚೆನ್ನಾಗಿ ಕಾಣ್ತಿದೆ! ಹೊಸದರಲ್ಲಿ ಮುಖವೆಲ್ಲ ಮೇಣ ಸವರಿದ ಹಾಗೆ, ಅಕ್ಷರದ ಸುತ್ತ ನೊಣ ಮುತ್ತಿದ ಹಾಗೆ. ಅತ್ತೆ ಬಿಡ್ತಾರಾ? ‘ಮೂವತ್ತು ಸಾವ್ರ ಹೊಳೇಗ್ ಹಾಕ್ದಂಗಾಯ್ತು!’

ಹೊಸ ಟೀವಿ ತಂದ ಮನೆಗಳಲ್ಲೆಲ್ಲ ನಡೆಯೋ ನಾಟಕವೇ ಇದು. ಹಳೇ ವಾಹಿನಿಯ ಚಿತ್ರ ಅಂದರೆ 720ಕ್ಕೆ 576 ಚುಕ್ಕೆ, ಒಟ್ಟು 4,14,720. ಫೋರ್ ಕೆ ಪರದೆಯಲ್ಲಿ ಇರೋದು 82,94,400. ಸರಿಯಾಗಿ ಇಪ್ಪತ್ತು ಪಟ್ಟು! ಬಂದ ಒಂದು ಚುಕ್ಕೆಯ ಜಾಗಕ್ಕೆ ಟೀವಿ ಇಪ್ಪತ್ತು ಚುಕ್ಕೆ ತಾನೇ ಊಹೆ ಮಾಡಿ ತುಂಬಬೇಕು. ಒಂದು ಸೇರು ಹಾಲಿಗೆ ಹತ್ತೊಂಬತ್ತು ಸೇರು ನೀರು. ಹಳೇ ಡಬ್ಬದಲ್ಲಿ ಆ ಕಷ್ಟವಿಲ್ಲ, ಬಂದದ್ದನ್ನು ಬಂದಷ್ಟರಲ್ಲೇ ತೋರಿಸುತ್ತೆ, ಪರದೆಯೂ ಚಿಕ್ಕದು. ಇನ್ನೊಂದು ಮಾತು. ಕತ್ತಲ ದೃಶ್ಯದಲ್ಲಿ ಹಳೇದರ ಕಪ್ಪು ಕಾಡಿಗೆಯ ಕಪ್ಪು. ಅಲ್ಲಿ ಎಲೆಕ್ಟ್ರಾನ್ ಕಿರಣ ಬೀಳದಿದ್ದರೆ ಬೆಳಕೇ ಇಲ್ಲ. ಹೊಸದರಲ್ಲಿ ಹಿಂದೆ ದೀಪ ಯಾವಾಗಲೂ ಉರೀತಿರುತ್ತೆ, ಮುಂದಿನ ಪರದೆ ಅದನ್ನು ತಡೆಯಬೇಕು. ಎಷ್ಟು ತಡೆದರೂ ಸೋರುತ್ತೆ. ‘ಕಾಂತಾರ’ದ ರಾತ್ರಿ ಕಾಡನ್ನು ಹಾಕಿ ನೋಡಿದರೆ ಕಪ್ಪು ಅಲ್ಲ, ಬೂದಿ. ಓಎಲ್ಇಡಿ ಅನ್ನೋ ಜಾತಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಆರುತ್ತೆ. ಅದರ ಬೆಲೆ ಕೇಳಿದರೆ ನಮ್ಮ ದೀಪ ಆರುತ್ತೆ!

ಆದರೆ ಒಳ್ಳೆ ಕಾಪಿ ಹಾಕಿದಾಗ ನೋಡಿ ಹೊಸದರ ಗತ್ತು. ನನ್ನ ಮೊಬೈಲಿನ ಇಂಟರ್‌ನೆಟ್ ಕೊಟ್ಟು ಹೊಸ ಚಿತ್ರದ ಹಾಡು ಹಾಕಿದೆವು. ಹುಡುಗರು ಓಹೋ ಅಂದರು. ಮಾವ ಮಾತ್ರ ಮುಖ ಸಿಂಡರಿಸಿದರು. ‘ಇದು ಫಿಲಮ್ಮಲ್ಲ ಕನಪ್ಪ, ಸೀರಿಯಲ್ಲು. ಮಧ್ಯದಲ್ಲಿ ಯಾರೋ ಫ್ರೇಮ್ ತುರುಕವ್ರೆ!’ ಭಲೇ ಮಾವ! ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮು. ಹೊಸ ಟೀವಿಗಳು ಓಟ ನುಣುಪಾಗಲಿ ಅಂತ ನಡುವೆ ತಾವೇ ಫ್ರೇಮು ಹುಟ್ಟಿಸಿ ಸೇರಿಸ್ತವೆ. ಕ್ರಿಕೆಟ್ಟಿಗೆ ಸರಿ, ಸಿನಿಮಾಗೆ ವಿಷ. ಹಾಲಿವುಡ್ಡಿನ ಟಾಮ್ ಕ್ರೂಸ್ 2018ರಲ್ಲಿ ವಿಡಿಯೋ ಮಾಡಿ ‘ದಯವಿಟ್ಟು ಇದನ್ನು ಆರಿಸಿ ನಮ್ಮ ಚಿತ್ರ ನೋಡಿ’ ಅಂತ ಬೇಡಿಕೊಂಡದ್ದು ಇದನ್ನೇ. ಟಾಮ್ ಕ್ರೂಸಿಗೂ ತಲಕಾಡಿನ ಆಪರೇಟರಿಗೂ ಒಂದೇ ಕಣ್ಣು! ಸೆಟ್ಟಿಂಗಿನಲ್ಲಿ ‘ಮೋಷನ್’ ಅಂತ ಇರೋದನ್ನು ಹುಡುಕಿ ಆರಿಸಿದೆ.

ಈಗ ಆ ಚಿತ್ರ. ಯೂಟ್ಯೂಬಿನಲ್ಲಿ ಮೂರು ಕಾಪಿ ಸಿಕ್ಕವು. ಮೊದಲನೆಯದು ಹಳೇ 4ಕ್ಕೆ 3ನ್ನು ಎಳೆದು ಅಗಲ ಮಾಡಿದ್ದು. ಎಲ್ಲರೂ ಮೂರರಲ್ಲೊಂದು ಪಾಲು ದಪ್ಪ, ಕುದುರೆ ಎಮ್ಮೆಯಾಗಿತ್ತು. ಅಂಚೂ ಇಲ್ಲ. ಎರಡನೆಯದು ಪರದೆ ತುಂಬ ಇತ್ತು, ಚೆನ್ನಾಗೂ ಇತ್ತು, ಆದರೆ ಪರದೆ ತುಂಬಿಸೋಕೆ ಅಂತಲೇ ಎಡ ಬಲ ಕತ್ತರಿಸಿದ್ದರು. ನಮ್ಮಮ್ಮ ಎದ್ದು ಅಡಿಗೆ ಮನೆಗೆ ಹೋದರು. ಮೂರನೆಯದು ಹಾಕಿದೆ. ಮೇಲೂ ಕೆಳಗೂ ಕಪ್ಪು ಪಟ್ಟಿ.

‘ಇಷ್ಟು ದೊಡ್ ಟೀವಿ ತಂದು ಅರ್ಧ ಕಪ್ಪಾ?’ ಅಂದ ಒಬ್ಬ ಹುಡುಗ. ರಿಮೋಟು ತಗೊಂಡು ಜೂಮ್ ಮಾಡೋಕೆ ಹೋದ.

‘ಮುಟ್ಬೇಡ!’ ಮಾವ ಅರಚಿದ್ದು ಬೀದಿಗೆಲ್ಲ ಕೇಳಿಸಿರಬೇಕು. ‘ಆ ಕಪ್ಪು ಇದ್ರೇನೇ ಅಂಚು ಉಳಿಯೋದು!’

ಒಂಬತ್ತನೇ ರೀಲು ಅಂದರು ಮಾವ. ರೀಲಿಗೆ ಹನ್ನೊಂದು ನಿಮಿಷ, ಎಂಟು ಹನ್ನೊಂದ್ಲ ಎಂಬತ್ತೆಂಟು. 88ನೇ ನಿಮಿಷಕ್ಕೆ ಒತ್ತಿದೆ. ಸೀನು ಮುಗಿದುಹೋಗಿತ್ತು! ಹಿಂದಕ್ಕೆ ಬಂದೆವು, 84 ನಿಮಿಷ ಚಿಲ್ಲರೆಗೆ ಸಿಕ್ಕಿತು. ಮಾವನ ಲೆಕ್ಕವೇನೂ ಕೆಟ್ಟಿರಲಿಲ್ಲ. ನಮ್ಮ ದೇಶದ ಟೀವಿ ಸೆಕೆಂಡಿಗೆ 25 ಫ್ರೇಮು ಓಡಿಸೋದು. 24ರ ಚಿತ್ರ ಅದರಲ್ಲಿ ಬೇಗ ಬೇಗ ಓಡಿ, ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮುಂಚೆಯೇ ಮುಗಿಯುತ್ತೆ. ಟೀವಿಗೆ ಅಂತ ಮಾಡಿದ ಹಳೇ ಕಾಪಿ ಇರಬೇಕು ಇದು.

ಮರಳು. ಹೀರೋ. ಗುಂಪು. ಎಡಗಡೆ ಕೊನೆಯಲ್ಲಿ, ಎಲ್ಲರಿಗಿಂತ ಒಂದು ಗೇಣು ಎತ್ತರ... ಮಾವ ‘ನಿಲ್ಸು’ ಅಂದರು. ನಿಲ್ಲಿಸಿದೆ. ಟೆಂಟಿನಲ್ಲಿ ಎಂದೂ ನಿಲ್ಲಿಸೋಕೆ ಆಗದಿದ್ದದ್ದು. ಫ್ರೇಮು ನಿಂತರೆ ಕಾರ್ಬನ್ ಶಾಖಕ್ಕೆ ಫಿಲಮ್ಮೇ ಸುಟ್ಟುಹೋಗ್ತಿತ್ತು.

ಹೆಬ್ಬೆಟ್ಟಿನಷ್ಟು ಮುಖ. ನಮ್ಮಮ್ಮ ಅಡಿಗೆ ಮನೆಯಿಂದ ಬಂದು ಟೀವಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋದರು. ಹತ್ತಿರ ಹೋದರೆ ಬರೀ ಚುಕ್ಕೆ. ನಾನೇ ಕೈ ಹಿಡಿದು ಹಿಂದಕ್ಕೆ ಕರಕೊಂಡು ಬಂದೆ. ಏಳೆಂಟು ಅಡಿ ಹಿಂದಕ್ಕೆ ಬಂದ ಮೇಲೆ ಮುಖವಾಯ್ತು. ಹೀರೋ ಕಡೆ ನೋಡ್ತಿಲ್ಲ ಅವನು. ಸೀದಾ ಕ್ಯಾಮೆರಾ ಕಡೆ ನೋಡಿ ನಗ್ತಾ ಇದ್ದಾನೆ. ಅಸಿಸ್ಟೆಂಟ್ ಡೈರೆಕ್ಟರ್ ಬೈದಿರ್ತಾನೆ ಆಮೇಲೆ!

ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಮ್ಮ, ‘ಆ ಟವಲ್ಲು ನಾನು ಕೊಡಿಸಿದ್ದು. ನೀಲಿ ಚೌಕಳಿ’ ಅಂದರು.

‘ನೀಲಿ ಎಲ್ಲಕ್ಕ? ಕೆಂಪು’ ಅಂದರು ಮಾವ.

ಪರದೆಯ ಮೇಲೆ ಅದು ನೀಲಿಯೂ ಅಲ್ಲ, ಕೆಂಪೂ ಅಲ್ಲ, ಒಂಥರಾ ಇಟ್ಟಿಗೆ ಬಣ್ಣ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳ ಹಣೆಬರಹ ಅದು. ವರ್ಷ ಕಳೆದಂತೆ ನೀಲಿ ಹಸಿರು ಮಾಸಿ ಗುಲಾಬಿಯೊಂದೇ ಉಳಿಯುತ್ತೆ. ಇಡೀ ಮರಳೇ ಗುಲಾಬಿಯಾಗಿತ್ತು. ನಾನು ಸೆಟ್ಟಿಂಗಿಗೆ ಹೋಗಿ ಬಣ್ಣ ಆ ಕಡೆ ಈ ಕಡೆ ತಿರುಗಿಸಿದೆ. ಹೀರೋ ಹಸಿರಾದ, ಟವಲ್ಲು ಮಾತ್ರ ಇಟ್ಟಿಗೆಯಾಗೇ ಉಳಿಯಿತು. ಅಕ್ಕ ತಮ್ಮ ಇಬ್ಬರೂ ಬಿಟ್ಟುಕೊಡಲಿಲ್ಲ. ನಂಜನಗೂಡಿನ ತೇರಿನಲ್ಲಿ ತಂದದ್ದು, ದುಡ್ಡು ಕೊಟ್ಟವಳು ನಾನು, ನನಗೆ ಗೊತ್ತಿಲ್ವಾ ಅಂತ ಇವರು. ಹನ್ನೊಂದು ದಿನ ನೋಡಿದೋನು ನಾನು ಅಂತ ಅವರು. ಅಷ್ಟರಲ್ಲಿ ನಾನು ಆ ಫ್ರೇಮನ್ನು ಮೊಬೈಲಿನಲ್ಲಿ ಹಿಡಿದು ಇಬ್ಬರಿಗೂ ಕಳಿಸಿದೆ.

ಮಾವ ಎದ್ದು ಟೀವಿಯ ಮುಂದೆ ನಿಂತರು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡ, ಮತ್ತೆ ಬಲ.

‘ಬರೋ ತಿಂಗ್ಳು ಇನ್ನೊಂದ್ ಕಣ್ಣೂ ಆಯ್ತದೆ’ ಅಂದರು. ‘ಆಮೇಲ್ ಹೇಳ್ತೀನಿ, ಇರಕ್ಕ.’